ಸೋಲಾರ್ ಮೇಲಿನ ಸಂಡಿಗೆ

ಯಲಬುರ್ಗಾದ ನಮ್ಮ ಮನೆಯ ಮಾಳಿಗೆಗೆ ಸೋಲಾರ್ ಪ್ಯಾನೆಲ್ ಕೂರಿಸಿದಾಗ ಇನ್ನೂ ಚಳಿಗಾಲ. ನೆತ್ತಿ ಸುಡುವ ಬೇಸಿಗೆ ಬಂದರೂ ಅವು ಸುಮ್ಮನೇ ಕೂತಿದ್ದವು. ನಾವು ಬಳಸುವ ಕರೆಂಟನ್ನೂ ಲೈನಿಗೆ ಕೊಡುವ ಕರೆಂಟನ್ನೂ ಅಳೆಯುವ ಹೊಸ ಮೀಟರ್ ಬರುವವರೆಗೆ ಸ್ವಿಚ್ ಮುಟ್ಟಕೂಡದು ಎಂದು ಕರೆಂಟ್ ಆಫೀಸಿನವರ ಕಟ್ಟಪ್ಪಣೆ. ಕೇಳಲು ಹೋದರೆ ಒಮ್ಮೆ ಸಾಹೇಬರು ಕುಷ್ಟಗಿಗೆ ಹೋಗಿರುತ್ತಿದ್ದರು, ಇನ್ನೊಮ್ಮೆ ಮೀಟರ್ ಟೆಸ್ಟಿಂಗಿಗೆ ಹೋಗಿರುತ್ತಿತ್ತು. ನಾನೊಬ್ಬನೇ ಎಲ್ಲಿಗೂ ಹೋಗದೆ ಅಲ್ಲಿನ ಬೆಂಚಿನ ಮೇಲೆ ಕೂತಿರುತ್ತಿದ್ದೆ. ನಮ್ಮ ಸೀಮೆಯಲ್ಲಿ ಪುಕ್ಕಟೆಯಾಗಿ, ಬೇಕಾದಷ್ಟು ಸಿಗುವುದು ಬಿಸಿಲೊಂದೇ. ಅದಕ್ಕೂ ಇವರ ಪರವಾನಗಿ ಬೇಕಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಅವ್ವ ಮಾತ್ರ ಕಾಯಲಿಲ್ಲ. "ಖಾಲಿ ಕೂಡೋದಕ್ಕಿಂತ ಏನರ ಕೆಲಸ ಮಾಡ್ಲಿ" ಎಂದು ಪ್ಯಾನೆಲ್ಲುಗಳ ಮೇಲೆ ಹಳೆಯ ಸೀರೆ ಬಿಗಿದು ಕಟ್ಟಿ ಸಂಡಿಗೆ ಹಾಕಿದಳು.

ಕೊನೆಗೊಂದು ದಿನ ಸಾಹೇಬರು ಮೀಟರ್ ಕೂರಿಸುವ ಜಾಗ ನೋಡಲು ಮನೆಗೆ ಬಂದರು. ಅವ್ವ ಚಹಾದ ಜೊತೆ ಅದೇ ಸಂಡಿಗೆ ಕರಿದು ಕೊಟ್ಟಳು.

"ಭಾಳ ಛಲೋ ಒಣಗ್ಯಾವ್ರಿ ಅಮ್ಮಾರ," ಎಂದರು ಅವರು, ಕುರುಂ ಕುರುಂ ತಿನ್ನುತ್ತ.

"ಎಲ್ಲಾ ನಿಮ್ಮ ಪುಣ್ಯಾರಿ," ಎಂದಳು ಅವ್ವ. "ಸೋಲಾರ್ ಮ್ಯಾಲನ ಒಣಗಿಸೇನಿ. ನೀವು ಹೊತ್ತಿಗೆ ಸರಿಯಾಗಿ ಮೀಟರ್ ಕೊಟ್ಟಿದ್ರ ಅಲ್ಲಿ ಎಲ್ಲಿ ಜಾಗ ಇರ್ತಿತ್ರಿ?"

ನಾಚಿಕೊಂಡು ಕೈಯಲ್ಲಿದ್ದುದನ್ನು ತಟ್ಟೆಗೆ ಹಾಕುತ್ತಾರೆಂದು ನೋಡುತ್ತ ನಿಂತೆ. ಅವರು ಇನ್ನೊಂದನ್ನು ಎತ್ತಿಕೊಂಡರು.

"ಹಂಗಾದ್ರ ಹಪ್ಪಳಾನೂ ಮಾಡಿಬಿಡ್ರಿ ಅಮ್ಮಾರ. ಮೀಟರ್ ಇನ್ನಾ ಬಂದಿಲ್ಲ."