ಇಬ್ಬರು ಯಂಕವ್ವಂದಿರು

ಸುಮಂಗಲಾ ಆ ಆಫೀಸಿಗೆ ಸೇರಿ ಆರು ತಿಂಗಳು ತುಂಬಲು ಐದು ದಿನ ಬಾಕಿ ಇತ್ತು. ಆಫೀಸು ಎಂದರೆ ಭಾರೀ ಏನೋ ಎಂದುಕೊಳ್ಳಬೇಡಿ. ಪುಣೆಯ ಧನಕವಡಿಯಲ್ಲಿ ಕೆಳಗೊಂದು ಝೆರಾಕ್ಸ್ ಅಂಗಡಿ, ಅದರ ಮೇಲೆ ಎರಡು ಕೋಣೆ, ಎಂಟು ಕಂಪ್ಯೂಟರು, ಒಂಬತ್ತು ಜನ. ಎಲ್ಲರೂ ಒಂದೇ ದಿನ ತಪ್ಪದೆ ಬಂದರೆ ಒಬ್ಬರು ಚಹಾಕ್ಕೆ ಹೋಗಲೇಬೇಕು. ಇದು ೨೦೦೬ರ ಫೆಬ್ರುವರಿಯ ಮಾತು.

ಸುಮಂಗಲಾ ಹುಟ್ಟಿದ್ದು ಪುಣೆಯಲ್ಲೇ. ಅಪ್ಪ ಅವ್ವಣ್ಣ ಯಾದಗಿರಿ ಕಡೆಯಿಂದ ಬಂದ, ಕಟ್ಟಡ ಕಟ್ಟುವ ಗೌಂಡಿ. ಅವ್ವ ಯಂಕವ್ವ ಅದೇ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವಳು. ಚಿಕ್ಕಪ್ಪ ತಾಯಪ್ಪನ ಹೆಂಡತಿಯ ಹೆಸರೂ ಯಂಕವ್ವನೇ. ಇಬ್ಬರು ಸೊಸೆಯರು ಬೇರೆ ಬೇರೆ ಊರಿನಿಂದ ಒಂದೇ ದೇವರ ಹೆಸರು ಹೊತ್ತು ಒಂದೇ ಮನೆಗೆ ಬಂದಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ದೊಡ್ಡ ಯಂಕವ್ವ, ಸಣ್ಣ ಯಂಕವ್ವ ಎಂದರೆ ಓಣಿಗೆಲ್ಲ ತಿಳಿಯುತ್ತಿತ್ತು. ಸಣ್ಣ ಯಂಕವ್ವನನ್ನು ಸುಮಂಗಲಾ ಸಣ್ಣವ್ವ ಎಂದು ಕರೆಯುತ್ತಿದ್ದಳು. ಹೆತ್ತವ್ವನಿಗಿಂತ ಒಂದು ಕೈ ಹೆಚ್ಚೇ ಅವಳನ್ನು ಹಚ್ಚಿಕೊಂಡಿದ್ದಳು.

ಆ ಸಣ್ಣವ್ವ ದೀಪಾವಳಿಯಿಂದ ಕೆಮ್ಮುತ್ತಿದ್ದಳು. ಧರ್ಮದಾಸ್ಪತ್ರೆಯೊಂದರಲ್ಲಿ ಕಫದ ಪರೀಕ್ಷೆ ಮಾಡಿಸಿದ್ದಾಗಿತ್ತು, ಏನೂ ಇಲ್ಲ ಎಂದು ವರದಿಯೂ ಬಂದಿತ್ತು. ಆದರೆ ಆ ಏನೂ ಇಲ್ಲದ ಕೆಮ್ಮು ಮೂರು ತಿಂಗಳಾದರೂ ಬಿಟ್ಟು ಹೋಗಿರಲಿಲ್ಲ. ರವಿಕೆಯ ತೋಳು ಸಡಿಲಾಗುತ್ತಾ ಬಂದಿತ್ತು. ಮನೆಯವರೆಲ್ಲ ಅದನ್ನು ಸಿಮೆಂಟಿನ ಧೂಳಿನ ತಲೆಗೆ ಕಟ್ಟಿ ಸುಮ್ಮನಾಗಿದ್ದರು.

ಸುಮಂಗಲಾಳ ಆಫೀಸು ಆಗ ಮಾಡುತ್ತಿದ್ದದ್ದು ಅದೇ ಆಸ್ಪತ್ರೆಯ ಕೆಲಸ. ರೋಗಿಗಳ ಹೆಸರು ಬರೆದುಕೊಂಡು, ಪರೀಕ್ಷೆಯ ವರದಿ ಸಿದ್ಧವಾದ ಕೂಡಲೇ ಕಿಟಕಿಯ ಬಳಿಯ ಪ್ರಿಂಟರಿನಲ್ಲಿ ಛಾಪಿಸಿಕೊಡುವ ಪ್ರೋಗ್ರಾಮು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಎಲ್ಲವೂ ಕೈಬರಹದ ರಿಜಿಸ್ಟರಿನಲ್ಲೇ ನಡೆಯುತ್ತಿತ್ತು. ಶುಕ್ರವಾರ ಅದನ್ನು ಒಪ್ಪಿಸಬೇಕು. ಸುಮಂಗಲಾಳ ಕೆಲಸ ಕಾಯಂ ಆಗುವ ಕಾಗದವೂ ಶುಕ್ರವಾರವೇ ಬರಬೇಕು. ಹೀಗಿರುವಾಗ ಸೋಮವಾರ ಬೆಳಿಗ್ಗೆ ಅವಳು ಬರೆದ ಒಂದು ಟೆಸ್ಟು ಕೆಂಪಾಗಿ ಕೂತಿತು.

ಟೆಸ್ಟು ಎಂದರೆ ಪ್ರೋಗ್ರಾಮಿನ ಒಂದು ಸಣ್ಣ ಭಾಗ ಸರಿಯಾಗಿದೆಯೇ ಎಂದು ನೋಡಲು ಬರೆಯುವ ಇನ್ನೊಂದು ಸಣ್ಣ ಪ್ರೋಗ್ರಾಮು. ಸರಿಯಿದ್ದರೆ ಪರದೆಯ ಮೇಲೆ ಹಸಿರು ಪಟ್ಟಿ, ಇಲ್ಲದಿದ್ದರೆ ಕೆಂಪು. ಆಸ್ಪತ್ರೆಯ ಪ್ರಿಂಟರು ಆಫೀಸಿನಲ್ಲಿ ಎಲ್ಲಿಂದ ಬರಬೇಕು? ಆದ್ದರಿಂದ ಅದರ ಜಾಗದಲ್ಲಿ ಒಂದು ಹುಸಿ ಪ್ರಿಂಟರನ್ನು ನಿಲ್ಲಿಸುತ್ತಿದ್ದರು. ಇದಕ್ಕೆ ಅವರು ಮಾಕ್ ಎನ್ನುತ್ತಿದ್ದರು. ನಾಟಕದ ತಾಲೀಮಿಗೆ ದುರ್ಯೋಧನ ಬರದಿದ್ದರೆ ಅವನ ಜಾಗದಲ್ಲಿ ಯಾರನ್ನೋ ನಿಲ್ಲಿಸಿ ಮಾತು ಒಪ್ಪಿಸುತ್ತಾರಲ್ಲ, ಹಾಗೆ. ಈ ಹುಸಿ ಪ್ರಿಂಟರು ಏನನ್ನೂ ಛಾಪಿಸುವುದಿಲ್ಲ, ತನ್ನನ್ನು ಎಷ್ಟು ಸಲ ಕರೆದರು ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಸುಮಂಗಲಾ ಟೆಸ್ಟಿಗಾಗಿ ಇಬ್ಬರು ಹುಸಿ ರೋಗಿಗಳನ್ನು ಮಾಡಿ, ಇಬ್ಬರ ವರದಿಯನ್ನೂ ಕೊಟ್ಟಿದ್ದಳು. ಎರಡು ಸಲ ಕರೆ ಬರಬೇಕಿತ್ತು. ಬಂದದ್ದು ಒಂದೇ ಸಲ.

ಮೊದಲು ಅವಳು ತನ್ನನ್ನೇ ಅನುಮಾನಿಸಿದಳು; ಹೊಸಬರ ಸ್ವಭಾವವೇ ಹಾಗೆ. ಹುಸಿ ಪ್ರಿಂಟರಿಗೆ ಕೊಟ್ಟ ಸೂಚನೆಯನ್ನು ಅಕ್ಷರ ಅಕ್ಷರ ಓದಿದಳು, ಸರಿಯಿತ್ತು. ಹಿಂದಿನ ಟೆಸ್ಟಿನ ಉಳಿಕೆ ಏನಾದರೂ ಅಂಟಿಕೊಂಡಿದೆಯೇ ಎಂದು ಇದೊಂದನ್ನೇ ಓಡಿಸಿದಳು, ಆಗಲೂ ಕೆಂಪು. ಮಾಕನ್ನೇ ತೆಗೆದುಹಾಕಿ, ಬಂದವರ ಹೆಸರನ್ನು ಪರದೆಯ ಮೇಲೆ ಬರೆಯುವ ಬೇರೊಂದು ಹುಸಿ ಪ್ರಿಂಟರನ್ನು ತಾನೇ ಬರೆದಳು. ಅದು ‘ಯಂಕವ್ವ’ ಎಂದು ಒಂದು ಸಲ ಬರೆದು ಸುಮ್ಮನಾಯಿತು. ಹೌದು, ರೋಗಿಗಳಿಗೆ ಅವಳು ಮನೆಯವರ ಹೆಸರನ್ನೇ ಇಟ್ಟಿದ್ದಳು. ಇಬ್ಬರಿಗೂ ಬೇರೆ ಬೇರೆ ನೋಂದಣಿ ನಂಬರು ಕೊಟ್ಟಿದ್ದಳು, ಹೆಸರು ಮಾತ್ರ ಇಬ್ಬರದೂ ಯಂಕವ್ವ. ಗಂಡನ ಹೆಸರಿಗೂ ಮನೆತನದ ಅಡ್ಡಹೆಸರಿಗೂ ಇದ್ದ ಮುಂದಿನ ಎರಡು ಜಾಗ ಖಾಲಿ.

ಮಧ್ಯಾಹ್ನ ದಿಗಂಬರ ಸರ್ ಬಂದು ಅವಳ ಕುರ್ಚಿಯ ಹಿಂದೆ ನಿಂತರು. ಈ ಕೆಲಸದ ಮುಖ್ಯಸ್ಥರು ಅವರು, ಒಳ್ಳೆಯ ಮನುಷ್ಯ, ಎಂದೂ ದನಿ ಎತ್ತಿದವರಲ್ಲ. ಆದರೆ ಶುಕ್ರವಾರ ಎಂಬ ಶಬ್ದ ಕೇಳಿದರೆ ಕನ್ನಡಕ ಒರೆಸಲು ಶುರುಮಾಡುತ್ತಿದ್ದರು. ಅವರ ಮರಾಠಿಯನ್ನು ಇಲ್ಲಿ ಕನ್ನಡದಲ್ಲೇ ಹೇಳಬೇಕು.

“ಅರ್ಧ ಹೆಸರು ಯಾಕೆ ಹಾಕಿದ್ದೀ? ನನ್ನ ಟೆಸ್ಟು ನೋಡು,” ಎಂದರು.

ಅವರ ಟೆಸ್ಟಿನಲ್ಲಿ ಎಲ್ಲರಿಗೂ ಮೂರು ಹೆಸರು: ತಮ್ಮದು, ಅಪ್ಪನದೋ ಗಂಡನದೋ, ಆಮೇಲೆ ಅಡ್ಡಹೆಸರು. ಮರಾಠಿ ಮಂದಿಯ ರೀತಿಯೇ ಅದು. ಸುಮಂಗಲಾ ಒಬ್ಬ ಯಂಕವ್ವನಿಗೆ ಗಂಡನ ಹೆಸರು ತುಂಬಿ ಓಡಿಸಿದಳು. ಪಟ್ಟಿ ಹಸಿರಾಯಿತು.

“ಮುಗಿಯಿತಲ್ಲ, ಹಾಗೇ ಬಿಡು,” ಎಂದು ಸರ್ ಕನ್ನಡಕ ಹಾಕಿಕೊಂಡರು. “ನಿಜವಾದ ಫಾರ್ಮಿನಲ್ಲಿ ಯಾರೂ ಆ ಜಾಗ ಖಾಲಿ ಬಿಡುವುದಿಲ್ಲ.”

ಅವರು ಹೋದ ಮೇಲೆ ಸುಮಂಗಲಾ ಒಳಗಿನ ಪ್ರೋಗ್ರಾಮನ್ನು ತೆರೆದು ನೋಡಿದಳು. ಗುಂಡಿಯನ್ನು ಯಾರಾದರೂ ಎರಡು ಸಲ ಒತ್ತಿದರೆ ಒಬ್ಬರದೇ ವರದಿ ಎರಡು ಬರಬಾರದು ಎಂದು, ಒಮ್ಮೆ ಬಂದವರನ್ನು ಮತ್ತೆ ಬಿಡದ ಹಾಗೆ ಒಂದು ಕಟ್ಟುಪಾಡಿತ್ತು. ಬಂದವರು ಅವರೇ ಹೌದೋ ಅಲ್ಲವೋ ಎಂದು ಮೂರು ಹೆಸರು ಹೋಲಿಸಿ ತೀರ್ಮಾನ ಮಾಡುತ್ತಿತ್ತು. ನಂಬರನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಯಂಕವ್ವ, ಖಾಲಿ, ಖಾಲಿ. ಇನ್ನೊಬ್ಬಳೂ ಯಂಕವ್ವ, ಖಾಲಿ, ಖಾಲಿ. ಕಂಪ್ಯೂಟರಿನ ಲೆಕ್ಕದಲ್ಲಿ ಇಬ್ಬರೂ ಒಬ್ಬಳೇ, ಎರಡನೆಯವಳ ವರದಿ ಹೊರಗೇ ಬರುವುದಿಲ್ಲ. ಆ ಭಾಗವನ್ನು ಬರೆದವರು ದಿಗಂಬರ ಸರ್. ಐದು ದಿನದಲ್ಲಿ ಕಾಯಂ ಆಗಬೇಕಾದ ಹುಡುಗಿ ಇದನ್ನು ಯಾವ ಬಾಯಿಂದ ಹೇಳಬೇಕು? ಅವಳು ಹೇಳಲಿಲ್ಲ. ಅದೇ ಧನಕವಡಿಯಲ್ಲಿದ್ದ ಮನೆಗೆ ನಡೆದು ಹೋದಳು.

ಮನೆಯಲ್ಲಿ ಸಣ್ಣವ್ವ ರೊಟ್ಟಿ ಬಡಿಯುತ್ತಿದ್ದಳು, ನಡುನಡುವೆ ಮುಖ ಆಚೆ ತಿರುಗಿಸಿ ಕೆಮ್ಮುತ್ತಿದ್ದಳು. ಸುಮಂಗಲಾ ಅವಳ ಪಕ್ಕದಲ್ಲಿ ಕೂತಳು.

“ಸಣ್ಣವ್ವಾ, ದವಾಖಾನಿ ಕಿಡಕ್ಯಾಗ ನಿನಗ ಏನೇನು ಕೇಳಿದ್ರು?”

“ಹೆಸರು ಕೇಳಿದ್ರು, ಯಂಕವ್ವ ಅಂದೆ. ಗಂಡನ ಹೆಸರು ಕೇಳಿದ್ರು.”

“ನೀ ಏನಂದಿ?”

ಸಣ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಗು ಹೋಗಿ ಕೆಮ್ಮಾಯಿತು. “ನಾ ಹ್ಯಾಂಗ ಹೇಳಲಿ? ನಿಮ್ಮ ಕಾಕಾನ ಹೆಸರು ಬಾಯಿಲೆ ತಗೀತೀನೇನು ನಾ? ಸುಮ್ಮ ನಿಂತೆ. ಕಿಡಕ್ಯಾಗಿನಾಕಿ ಅಲ್ಲಿ ಗೀಟ ಎಳದಳು.”

“ಅಡ್ಡಹೆಸರು?”

“ಅದು ಎಲ್ಲಿ ಅದ ನಮಗ?”

ಒಲೆಯ ಆ ಕಡೆಯಿಂದ ಅವ್ವ ಹೇಳಿದಳು: “ನಂದೂ ಹಂಗೇ. ನೀ ಸಣ್ಣಾಕಿ ಇದ್ದಾಗ ಸಂಗಟ ಕರಕೊಂಡು ಹೋಗ್ತಿದ್ವಿ. ನೀನೇ ನಿಮ್ಮಪ್ಪಂದು, ನಿಮ್ಮ ಕಾಕಾಂದು ಹೆಸರು ಹೇಳ್ತಿದ್ದಿ. ಈಗ ನಿನಗ ಆಫೀಸು.”

ಅವ್ವ ಇದನ್ನು ಚುಚ್ಚಲು ಹೇಳಿದ್ದಲ್ಲ. ಆದರೂ ಸುಮಂಗಲಾಳಿಗೆ ಚುಚ್ಚಿತು. ಟೆಸ್ಟಿನಲ್ಲಿ ಆ ಜಾಗಗಳನ್ನು ತಾನು ಯಾಕೆ ಖಾಲಿ ಬಿಟ್ಟೆ ಎಂಬುದು ಆಗ ಅವಳಿಗೆ ಹೊಳೆಯಿತು. ಬೇರೆ ಯಾರಾದರೂ ಬರೆದಿದ್ದರೆ ತುಂಬುತ್ತಿದ್ದರು. ಇಬ್ಬರಿಗೆ ಒಂದೇ ಹೆಸರಿಟ್ಟು ಮುಂದೆ ಏನೂ ಬರೆಯದೆ ಬಿಡುವ ತಪ್ಪು ಅವರ ಮನೆಯವರಿಂದ ಮಾತ್ರ ಆಗುವಂಥದ್ದು.

“ಸಣ್ಣವ್ವಾ, ರಪೋಟ ಕೊಡೂಮುಂದ ಹ್ಯಾಂಗ ಕರದ್ರು?”

“ಯಂಕವ್ವ ಅಂತ ಕೂಗಿದ್ರು, ಹೋಗಿ ತಗೊಂಡೆ.”

“ಅವತ್ತ ಇನ್ಯಾರರೆ ಯಂಕವ್ವ ಇದ್ರೇನು ಅಲ್ಲಿ?”

“ಯಾರಿಗ್ಗೊತ್ತು. ನಮ್ಮ ಕಡಿ ಹೆಣ್ಮಕ್ಕಳು ಭಾಳ ಮಂದಿ ಕುಂತಿದ್ರು.”

ಸುಮಂಗಲಾ ಎದ್ದು ಟ್ರಂಕು ತೆಗೆದಳು. ರೇಷನ್ ಕಾರ್ಡಿನ ಕೆಳಗೆ ಆ ಕಾಗದವಿತ್ತು. ಮೂರು ತಿಂಗಳಿಂದ ಮನೆಯಲ್ಲೇ ಇದ್ದ ಕಾಗದ. ಅದನ್ನು ತಂದ ದಿನ ಆಸ್ಪತ್ರೆಯ ಕಂಪೌಂಡರ್ ಓದಿ ಏನೂ ಇಲ್ಲ ಎಂದಿದ್ದ, ಅಷ್ಟಕ್ಕೇ ಎಲ್ಲರೂ ನೆಮ್ಮದಿಪಟ್ಟಿದ್ದರು. ಮನೆಯಲ್ಲಿ ಓದಲು ಬರುತ್ತಿದ್ದ ಒಬ್ಬಳೇ ಒಬ್ಬಳು ಆಫೀಸಿನ ಗಡಿಬಿಡಿಯಲ್ಲಿ ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಈಗ ಬಿಚ್ಚಿದಳು. ಹೆಸರು ಯಂಕವ್ವ. ವಯಸ್ಸು ಐವತ್ತೆಂಟು.

ಸಣ್ಣವ್ವನಿಗೆ ಮೂವತ್ತಾರೋ ಮೂವತ್ತೇಳೋ. ಸುಮಂಗಲಾ ವಯಸ್ಸನ್ನು ಇನ್ನೊಮ್ಮೆ ಓದಿದಳು. ಅಷ್ಟು ನಾಚಿಕೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಆದರೆ ನಿಜ ತಿಳಿಯದೆ ಸಣ್ಣವ್ವನನ್ನು ಹೆದರಿಸುವುದು ಬೇಡವೆಂದು ಕಾಗದವನ್ನು ಚೀಲದಲ್ಲಿಟ್ಟುಕೊಂಡು, ಬಡಿಸಿದ ರೊಟ್ಟಿ ತಿಂದು ಎದ್ದಳು.

ಮರುದಿನ ದಿಗಂಬರ ಸರ್ ಚೀಲ ಇಳಿಸುವ ಮೊದಲೇ ಅವಳು ಅವರ ಮುಂದೆ ನಿಂತಿದ್ದಳು.

“ಸರ್, ಟೆಸ್ಟಿನ ಹೆಸರನ್ನು ನಾನು ಮತ್ತೆ ಮೊದಲಿನಂತೆ ಮಾಡಿದ್ದೇನೆ. ಅದು ಕೆಂಪಾಗಿದೆ. ಕೆಂಪಾಗಿರುವುದೇ ಸರಿ.”

ಸರ್ ಕನ್ನಡಕ ತೆಗೆದರು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ, ಅವರು ಬೈಯಲಿಲ್ಲ. “ಆ ಜಾಗ ಖಾಲಿ ಬಿಡದ ಹಾಗೆ ಕಡ್ಡಾಯ ಮಾಡಿದರಾಯಿತು,” ಎಂದರು.

“ಕಡ್ಡಾಯ ಮಾಡಿದರೆ ಅಲ್ಲಿ ಗೀಟು ಬೀಳುತ್ತದೆ ಸರ್, ಅಷ್ಟೇ. ಒಮ್ಮೆ ಕಿಟಕಿಯ ಹತ್ತಿರ ಬಂದು ನೋಡಿ.”

ಹೋಗುವುದಕ್ಕೆ ಸರ್ ಒಪ್ಪಿದ್ದು ಅವಳ ಮಾತಿನಿಂದಲ್ಲ, ಮುಖ ನೋಡಿ. ರಿಕ್ಷಾ ಹಿಡಿದು ಇಬ್ಬರೂ ಆಸ್ಪತ್ರೆಗೆ ಹೋದರು.

ಆಸ್ಪತ್ರೆಯ ಕಿಟಕಿಯ ಒಳಗೆ ಸಾವಿತ್ರಿಬಾಯಿ ಎಂಬ ಗುಮಾಸ್ತೆ ಕೂತಿದ್ದರು. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಉದ್ದನೆಯ ರಿಜಿಸ್ಟರು. ಸರ್ ಪುಟ ತಿರುವುತ್ತಾ ಹೋದರು. ಯಂಕವ್ವ, ಗೀಟು, ಗೀಟು. ಮಲ್ಲವ್ವ, ಗೀಟು, ಗೀಟು. ಮತ್ತೆ ಯಂಕವ್ವ. ಒಂದು ಪುಟದಲ್ಲಂತೂ ಮೂವರು ಯಂಕವ್ವಂದಿರು. ಪಕ್ಕದಲ್ಲಿ ನೋಂದಣಿ ನಂಬರು ಇತ್ತು, ಆದರೆ ಅದು ಸಾಲು ನಿಲ್ಲಿಸಲು ಮಾತ್ರ. ಕರೆಯುವುದು ಹೆಸರಿನಿಂದಲೇ.

“ಇವರಿಗೆಲ್ಲ ಗಂಡಂದಿರಿಲ್ಲವೇ?” ಎಂದು ಸರ್ ಕೇಳಿದರು.

“ಇಲ್ಲದೆ ಏನು? ಹೆಸರು ಹೇಳುವುದಿಲ್ಲ ಅಷ್ಟೇ,” ಎಂದರು ಸಾವಿತ್ರಿಬಾಯಿ. “ನಾನೂ ಹೇಳುವುದಿಲ್ಲ. ನನಗೆ ಅಡ್ಡಹೆಸರಾದರೂ ಇದೆ, ಅದರಿಂದ ಕೆಲಸ ನಡೆಯುತ್ತದೆ. ಈ ಹೆಂಗಸರಿಗೆ ಅದೂ ಇಲ್ಲ.”

ಸುಮಂಗಲಾ ಚೀಲದಿಂದ ಕಾಗದ ತೆಗೆದು, ಈ ನಂಬರು ಯಾರದು ನೋಡಿ ಎಂದು ಕಿಟಕಿಯಲ್ಲಿಟ್ಟಳು. ಸಾವಿತ್ರಿಬಾಯಿ ಬೆರಳಿನಿಂದ ಸಾಲು ಹುಡುಕಿದರು. ಆ ನಂಬರಿನ ಯಂಕವ್ವ ಹಡಪಸರದವಳು, ಐವತ್ತೆಂಟು ವರ್ಷ. ಎರಡು ಸಾಲು ಕೆಳಗೆ ಇನ್ನೊಬ್ಬ ಯಂಕವ್ವ, ಧನಕವಡಿ, ಮೂವತ್ತಾರು. ಅವರು ಎದ್ದು ಕಪಾಟಿನಿಂದ ಸುತಳಿ ಕಟ್ಟಿದ ಒಂದು ಕಟ್ಟು ತಂದರು, ಯಾರೂ ಒಯ್ಯದೆ ಉಳಿದ ವರದಿಗಳ ಕಟ್ಟು. ಆರೇಳು ಕಾಗದದ ಕೆಳಗೆ ಅದು ಸಿಕ್ಕಿತು.

ಸುಮಂಗಲಾ ನಿಂತಲ್ಲೇ ಓದಿದಳು. ಕಫದಲ್ಲಿ ಕ್ಷಯದ ರೋಗಾಣು ಇದೆ, ಕೂಡಲೇ ಬಂದು ಕಾಣಬೇಕು. ತಾರೀಖು ನವೆಂಬರಿನದು.

“ಯಾರು?” ಎಂದರು ಸರ್.

“ನನ್ನ ಚಿಕ್ಕಮ್ಮ.”

ಸಾವಿತ್ರಿಬಾಯಿ ರಿಜಿಸ್ಟರಿನ ಆ ಎರಡು ಸಾಲನ್ನು ಮತ್ತೆ ನೋಡಿದರು. “ನಾನೇ ಕೂಗಿದ್ದು,” ಎಂದು ಸಣ್ಣ ದನಿಯಲ್ಲಿ ಹೇಳಿ, ಒಳಗೆ ಹೋಗಿ ವೈದ್ಯರನ್ನು ಕಂಡು ಬಂದರು. ನಾಳೆ ಬೆಳಿಗ್ಗೆಯೇ ಕರೆತನ್ನಿ, ಆರೆಂಟು ತಿಂಗಳ ಔಷಧಿ, ತಪ್ಪದೆ ತೆಗೆದುಕೊಂಡರೆ ವಾಸಿಯಾಗುತ್ತದೆ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿ ಕಳಿಸಿದ್ದರು.

ಆಫೀಸಿಗೆ ಮರಳಿದ ಮೇಲೆ ದಿಗಂಬರ ಸರ್ ತಾವೇ ಅವಳ ಕುರ್ಚಿಯಲ್ಲಿ ಕೂತರು. ಹೆಸರು ಹೋಲಿಸುವ ನಾಲ್ಕು ಸಾಲು ಅಳಿಸಿ, ನಂಬರು ಹೋಲಿಸುವ ಒಂದು ಸಾಲು ಬರೆದರು. ಟೆಸ್ಟು ಓಡಿಸಿದರು. ಹುಸಿ ಪ್ರಿಂಟರಿಗೆ ಎರಡು ಕರೆ ಬಂತು, ಪಟ್ಟಿ ಹಸಿರಾಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ, ಈ ತಪ್ಪು ನನ್ನದು, ಹಿಡಿದವಳು ಇವಳು ಎಂದರು. ಉಳಿದವರು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು.

“ಟೆಸ್ಟಿನಲ್ಲಿ ಪೂರ್ತಿ ಹೆಸರು ತುಂಬಲೇ ಸರ್?”

“ಬೇಡ, ಕಿಟಕಿಗೆ ಬರುವ ಹಾಗೆಯೇ ಇರಲಿ. ನೀನು ಮನೆಗೆ ಹೋಗು.”

ಅವಳು ಮನೆ ಸೇರಿದಾಗ ಇಬ್ಬರೂ ಯಂಕವ್ವಂದಿರು ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಸುಮಂಗಲಾ ಎರಡೂ ಕಾಗದಗಳನ್ನು ಮುಂದಿಟ್ಟು, ಏನನ್ನೂ ಮುಚ್ಚಿಡದೆ ಹೇಳಿದಳು. ಯಾವುದು ಯಾರದು, ಏನು ರೋಗ, ಎಷ್ಟು ತಿಂಗಳ ಔಷಧಿ. ತಾನು ಮೂರು ತಿಂಗಳು ಅದನ್ನು ಓದದೆ ಬಿಟ್ಟದ್ದನ್ನೂ ಹೇಳಿದಳು. ಹೇಳುವಾಗ ಅಳು ಬಂತು, ತಡೆಯಲಿಲ್ಲ.

ದೊಡ್ಡ ಯಂಕವ್ವನ ಕೈ ಮೆಂತ್ಯದಲ್ಲೇ ನಿಂತಿತ್ತು. ಸಣ್ಣ ಯಂಕವ್ವ ಹೊಸ ಕಾಗದವನ್ನು ಎತ್ತಿಕೊಂಡು, ಓದಲು ಬರದಿದ್ದರೂ ಬಹಳ ಹೊತ್ತು ನೋಡಿದಳು.

“ಅಳಬ್ಯಾಡವ್ವ,” ಎಂದಳು. “ಏನೂ ಇಲ್ಲ, ಏನೂ ಇಲ್ಲ ಅಂತ ಎಲ್ಲರೂ ಅಂದ್ರು. ಸುಳ್ಳೇ ಕೆಮ್ಮತೀನೇನೋ ಅಂತ ನನಗೇ ಅನಸ್ತಿತ್ತು. ಮಂದಿ ಮುಂದ ಕೆಮ್ಮಾಕ ನಾಚಿಗಿ ಬರ್ತಿತ್ತು ನನಗ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಆ ರಪೋಟ ಯಾರದೋ ಇತ್ತು. ಕೆಮ್ಮು ಮಾತ್ರ ನಂದೇ ಇತ್ತು ನೋಡು.”

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೆ ಮೂವರೂ ಹೊರಟರು. ಕಿಟಕಿಯಲ್ಲಿ ಸಾವಿತ್ರಿಬಾಯಿ ಗಂಡನ ಹೆಸರು ಕೇಳಿದಾಗ ಸುಮಂಗಲಾ ಮುಂದೆ ಬಂದು, ತಾಯಪ್ಪ ಎಂದು ಬರೆಸಿದಳು.