ಪಿಟ್ಸ್‌ಬರ್ಗೋ, ಶಿಕಾಗೋವೋ

ಹಳೆಯ ವಿಡಿಯೋ ಕ್ಯಾಸೆಟ್ಟು ತುಂಬ ಹೊತ್ತು ಓಡಿ ಬಿಸಿಯಾದಾಗ ಬರುವ ವಾಸನೆ ನಿಮಗೆ ನೆನಪಿದೆಯೇ? ಸ್ವಲ್ಪ ಕಾದ ಪ್ಲಾಸ್ಟಿಕ್, ಸ್ವಲ್ಪ ಧೂಳು. ಮೊನ್ನೆ ರಿಪೇರಿ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದದ್ದೇ, ನಾನು ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿದ್ದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಗಡಗಡ ಎನ್ನುವ ಏಸಿ, ಅಮ್ಮ ಮಾಡಿದ ಕೋಳಿ ಸುಕ್ಕದ ಘಮ ಇನ್ನೂ ಪರದೆಗಳಿಗೆ ಅಂಟಿಕೊಂಡಿರುವ, ವಾರದ ರಜೆಯ ಶುಕ್ರವಾರದ ಮಧ್ಯಾಹ್ನ. ಕಾರ್ಪೆಟ್ಟಿನ ಮೇಲೆ ಪಪ್ಪ ಮತ್ತು ಎದುರುಮನೆಯ ರಾಬರ್ಟ್ ಅಂಕಲ್. ಟೀವಿಯಲ್ಲಿ ಹೆಲ್ಮೆಟ್ಟು ಹಾಕಿದ ದೈತ್ಯರು ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು.

ಅಂಕಲ್ ನಗರದ ಶರ್ಕ್ ಪ್ರದೇಶದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯ ಅಮೆರಿಕನ್ ಮ್ಯಾನೇಜರು ಊರಿಗೆ ಮರಳುವಾಗ ತನ್ನ ದೇಶದ ಫುಟ್‌ಬಾಲಿನ ಕ್ಯಾಸೆಟ್ಟುಗಳನ್ನೆಲ್ಲ ಇವರಿಗೆ ಕೊಟ್ಟುಹೋಗಿದ್ದ. ಪಪ್ಪ, ಅಂಕಲ್ ಇಬ್ಬರಿಗೂ ಚೆಂಡು ಹಿಡಿದು ಓಡುವವರ ಮೇಲೆ ಅಷ್ಟೇನೂ ಮೋಹವಿರಲಿಲ್ಲ. ಅವರ ಕಣ್ಣೆಲ್ಲ ತಡೆಯುವವರ ಮೇಲೆ. ಇದುವರೆಗಿನ ತಂಡಗಳಲ್ಲಿ ಯಾರ ಡಿಫೆನ್ಸ್ ದೊಡ್ಡದು ಎನ್ನುವುದು ವರ್ಷಗಟ್ಟಲೆ ತೀರದ ವಾದ. ಪಪ್ಪ ಎಪ್ಪತ್ತರ ದಶಕದ ಪಿಟ್ಸ್‌ಬರ್ಗ್ ತಂಡದ ಪಕ್ಷ, ಅಂಕಲ್ ಎಂಬತ್ತೈದರ ಶಿಕಾಗೋ ತಂಡದ ಪಕ್ಷ. ನಮ್ಮ ಮನೆಮಾತು ತುಳು, ಅವರದು ಕೊಂಕಣಿ. ವಾದ ಮಾತ್ರ ಮಂಗಳೂರು ಕನ್ನಡದಲ್ಲಿ. ತುಳುವಿನಲ್ಲಿ ಶುರುಮಾಡಿದರೆ ನಿಜವಾದ ಜಗಳವೇ ಆದೀತು ಎಂದು ಪಪ್ಪ ನಗುತ್ತಿದ್ದರು.

"ಎಪ್ಪತ್ತಾರರಲ್ಲಿ ಬಾಲ್ ಎಸೆಯುವವನೇ ಪೆಟ್ಟು ತಿಂದು ಕೂತ. ಆಗ ತಂಡವನ್ನು ಎಳ್ಕೊಂಡು ಹೋದದ್ದು ಯಾರು? ಡಿಫೆನ್ಸಿನವರು. ಎದುರಿನವರಿಗೆ ಪಾಯಿಂಟೇ ಸಿಗ್ತಿರಲಿಲ್ಲ," ಎನ್ನುತ್ತಿದ್ದರು ಪಪ್ಪ.

"ಆ ವರ್ಷ ಕಪ್ ಗೆದ್ದದ್ದುಂಟಾ ಶೆಟ್ರೆ?" ಅಂಕಲ್ ಮೊಣಕಾಲು ತಟ್ಟುತ್ತಿದ್ದರು. "ಶಿಕಾಗೋದವರ ಎದುರು ಕಡೇ ಮ್ಯಾಚುಗಳಲ್ಲಿ ಬಂದವರು ಉಸಿರು ಬಿಡ್ಲಿಕ್ಕೇ ಆಗದೆ ಸತ್ರು!"

"ಒಂದು ವರ್ಷ ಕುಣಿದದ್ದು ದೊಡ್ಡದಲ್ಲ ಪೊರ್ಬುಗಳೇ. ಹತ್ತು ವರ್ಷ ನಿಂತದ್ದು ದೊಡ್ಡದು." ಕೊಂಕಣಿ ಕ್ರೈಸ್ತರನ್ನು ನಮ್ಮ ಕಡೆ ಕರೆಯುವ ಹಾಗೆ ಪಪ್ಪ ಅಂಕಲ್‌ರನ್ನು ಪೊರ್ಬುಗಳೆಂದೇ ಕರೆಯುತ್ತಿದ್ದರು.

ಅಮ್ಮ ಮತ್ತು ಅಂಕಲ್‌ನ ಹೆಂಡತಿ ಲಿಲ್ಲಿ ಆಂಟಿ ಅಡುಗೆಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತ ಇವರ ಹುಚ್ಚಿಗೆ ನಗುತ್ತಿದ್ದರು. ಆಂಟಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು, ಮಕ್ಕಳಿರಲಿಲ್ಲ. ನಾನು ಅವರ ಮಡಿಲಿಗೆ ಒರಗಿ ಈ ಗಲಾಟೆ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಅದಕ್ಕಿಂತ ನಿಶ್ಚಿಂತೆಯ ನಿದ್ದೆ ನನಗೆ ಮತ್ತೆಂದೂ ಬಂದದ್ದಿಲ್ಲ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಒಂದೇ ಬೆಳಗಿನಲ್ಲಿ ನಮ್ಮ ಬೀದಿಯ ತುದಿಯಲ್ಲಿ ಸೈನಿಕರು ಬಂದು ನಿಂತಿದ್ದರು. ಆಫೀಸುಗಳು ಮುಚ್ಚಿದವು, ಮಿರ್ಕಾಬ್ ಪೇಟೆಯಲ್ಲಿ ಪಪ್ಪ ಕೆಲಸ ಮಾಡುತ್ತಿದ್ದ ಅಂಗಡಿಯನ್ನು ಯಾರೋ ಒಡೆದು ಬರಿದು ಮಾಡಿದ್ದರು. ಆದರೂ ಶುಕ್ರವಾರ ಬಂತು, ಅಂಕಲ್ ಕ್ಯಾಸೆಟ್ಟು ಹಿಡಿದು ಬಂದರು. ಸ್ವರ ಪೂರ್ತಿ ತಗ್ಗಿಸಿ ಟೀವಿ ಹಾಕಿದರು, ಪಿಸುಮಾತಿನಲ್ಲಿ ವಾದ ಶುರುಮಾಡಿದರು. "ಡಿಫೆನ್ಸ್ ಅಂದ್ರೆ ಶೆಟ್ರೆ..." ಎನ್ನುವಷ್ಟರಲ್ಲಿ ಕೆಳಗೆ ಟ್ಯಾಂಕೊಂದು ಹಾದುಹೋಯಿತು, ಕಿಟಕಿಯ ಗಾಜು ನಡುಗಿತು. ಅಂಕಲ್ ಆ ಮಾತನ್ನು ಪೂರ್ತಿ ಮಾಡಲಿಲ್ಲ.

ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಅಮ್ಮಾನಿಗೆ ಹೋದರೆ ಅಲ್ಲಿಂದ ಬೊಂಬಾಯಿಗೆ ವಿಮಾನವಿದೆ ಎಂಬ ಸುದ್ದಿ ಬಂತು. ಪಪ್ಪ ಎರಡೂ ಮನೆಯವರಿಗೆ ಬಸ್ಸಿನಲ್ಲಿ ಸೀಟು ಹಿಡಿದರು. ಲಿಲ್ಲಿ ಆಂಟಿ ಒಪ್ಪಲಿಲ್ಲ. ಆಸ್ಪತ್ರೆಯಲ್ಲಿ ಅರ್ಧಕ್ಕರ್ಧ ಜನ ಆಗಲೇ ಊರು ಬಿಟ್ಟಿದ್ದರು. "ಹೆರುವವರಿಗೆ ಯುದ್ಧ ಮುಗಿಯುವವರೆಗೆ ಕಾಯ್ಲಿಕ್ಕೆ ಹೇಳ್ಬೇಕಾ?" ಎಂದರು. ಅಂಕಲ್ ಆಂಟಿಯ ಮುಖ ನೋಡಿ, ತಮ್ಮ ಬ್ಯಾಗನ್ನು ಮತ್ತೆ ಮಂಚದಡಿಗೆ ತಳ್ಳಿದರು.

ಹೊರಡುವ ದಿನ ಅಂಕಲ್ ನಮ್ಮ ಸೂಟ್‌ಕೇಸುಗಳನ್ನು ಬಸ್ಸಿನ ಮೇಲೇರಿಸಿ ಹಗ್ಗ ಬಿಗಿದು ಇಳಿದರು. ಪಪ್ಪ ಅವರ ಕೈ ಹಿಡಿದುಕೊಂಡರು. "ಆಯ್ತು ಪೊರ್ಬುಗಳೇ, ಶಿಕಾಗೋವೇ ದೊಡ್ಡದು. ನಾನು ಸೋತೆ. ಈಗಾದ್ರೂ ಲಿಲ್ಲಿಬಾಯಿಯನ್ನು ಒಪ್ಪಿಸಿ, ಬಸ್ ಹತ್ತಿ."

ಅಂಕಲ್ ನಕ್ಕರು. "ಹಾಗೆಲ್ಲ ಸೋಲ್ಬೇಡಿ ಶೆಟ್ರೆ. ಇದು ಮುಗಿದ್ರೆ ಶುಕ್ರವಾರ ನಾವು ಮಾತಾಡುದೆಂತ?"

ನಾವು ಗಡಿಯ ಮರಳಿನಲ್ಲಿ ಡೇರೆಗಳಡಿ ಮಲಗಿ, ನೀರಿಗೆ ಕ್ಯೂ ನಿಂತು, ಕೊನೆಗೆ ಮುಲ್ಕಿಯ ಅಜ್ಜಿಮನೆ ಸೇರಿದೆವು. ಚಳಿಗಾಲದಲ್ಲಿ ಅಮೆರಿಕ ಮತ್ತು ಮಿತ್ರರ ಬಾಂಬುದಾಳಿ ಶುರುವಾಯಿತು. ಪಪ್ಪ ರೇಡಿಯೋದ ಮುಂದಿನಿಂದ ಏಳುತ್ತಿರಲಿಲ್ಲ. ರೇಡಿಯೋ ಮೈದಾನ್ ಹವಲ್ಲಿಯ ಹೆಸರು ಹೇಳುತ್ತಿರಲಿಲ್ಲ.

ಮಳೆಗಾಲಕ್ಕೆ ಮೊದಲು ಲಿಲ್ಲಿ ಆಂಟಿ ಒಬ್ಬರೇ ಬಂದರು, ಕಪ್ಪು ಬಟ್ಟೆಯಲ್ಲಿ. ಬಾಂಬು ಬೀಳುತ್ತಿದ್ದ ದಿನಗಳಲ್ಲಿ ಅಂಕಲ್‌ಗೆ ಎದೆನೋವು ಬಂದಿತ್ತು. ಆಂಟಿ ಡ್ಯೂಟಿಯಲ್ಲಿದ್ದರು. ನೆರೆಯವರು ಕಾರಿನಲ್ಲಿ ಕರೆದೊಯ್ದರು. ತಪಾಸಣೆಗೆಂದು ದಾರಿಯುದ್ದಕ್ಕೂ ಸೈನಿಕರು ಕಾರು ನಿಲ್ಲಿಸಿದರು. ಆಸ್ಪತ್ರೆ ತಲುಪಿದಾಗ ಆಂಟಿ ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ.

ಅಮ್ಮ ಅತ್ತರು. ಆಂಟಿ ಪಪ್ಪನಿಗೆ ಹೇಳಿದರು: "ಕರೆಂಟು ಹೋದ್ಮೇಲೆ ಮೆಟ್ಟಿಲ ಕೆಳಗೆ ಬಿಲ್ಡಿಂಗಿನವರೆಲ್ಲ ಒಟ್ಟಿಗೆ ಕೂರ್ತಿದ್ದೆವು. ಮಕ್ಕಳು ಹೆದರ್ಬಾರದು ಅಂತ ಇವರು ಆ ಮ್ಯಾಚೆಲ್ಲ ಬಾಯಲ್ಲೇ ಹೇಳ್ತಿದ್ರು. ನಿಮ್ಮ ಮಾತೂ ಇವರೇ ಆಡುದು, ನಿಮ್ಮ ಹಾಗೇ ಸ್ವರ ಮಾಡಿ. ಒಮ್ಮೆಯೂ ನಿಮ್ಮನ್ನು ಸೋಲ್ಲಿಕ್ಕೆ ಬಿಡ್ಲಿಲ್ಲ."

ಪಪ್ಪ ಎದ್ದು ಬಾವಿಕಟ್ಟೆಯ ಹತ್ತಿರ ಹೋದರು. ಆ ದಿನ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದರು, ಯಾರೂ ಕರೆಯಲಿಲ್ಲ.

ಮಳೆ ಮುಗಿದ ಮೇಲೆ ಪಪ್ಪ ಕೆಲಸಕ್ಕಾಗಿ ಕುವೈತಿಗೆ ಮರಳಿದರು, ಒಬ್ಬರೇ. ಸೋತ ಇರಾಕಿನವರು ಹಚ್ಚಿಹೋಗಿ ಇನ್ನೂ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆಯಿಂದ ಹಗಲೂ ಮಂಕಾಗಿತ್ತಂತೆ. ನಮ್ಮ ಮನೆಗೆ ಬಾಗಿಲೇ ಇರಲಿಲ್ಲ. ಅಂಕಲ್‌ನ ಸಮಾಧಿ ಹುಡುಕಿಕೊಂಡು ಹೋಗಿ, ಮೇಲೆ ಕವಿದಿದ್ದ ಮರಳನ್ನು ಕೈಯಿಂದ ಸರಿಸಿ ಬಂದರು. ಕ್ರೈಸ್ತರ ಪ್ರಾರ್ಥನೆ ಗೊತ್ತಿರಲಿಲ್ಲವಾದ್ದರಿಂದ ಸುಮ್ಮನೆ ನಿಂತಿದ್ದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದರು. ಶುಕ್ರವಾರ ರಜೆಯ ದಿನ ಏನು ಮಾಡುತ್ತೀರಿ ಎಂದು ಅಮ್ಮ ಕೇಳಿದಾಗ, ಊಟವಾದ ಕೂಡಲೇ ಮಲಗಿಬಿಡುತ್ತೇನೆ ಎಂದರಂತೆ. ಹಗಲು ಮಲಗುವ ಅಭ್ಯಾಸ ಪಪ್ಪನಿಗೆ ಎಂದೂ ಇರಲಿಲ್ಲ.