ಮಿರ್ಚಿ ಬಂಡಿಯ ಮುಂದಿನ ಎಡೆ

ಇವತ್ತು ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ನಮ್ಮ ಮನೆಯವರ ಡಬ್ಬಿಗೆ ರೊಟ್ಟಿ ಕಟ್ಟಿದ ಮೇಲೆ ಅಟ್ಟದ ಪಾತ್ರೆಗಳನ್ನು ಇಳಿಸಿದೆ. ತಳದಲ್ಲಿ ಆ ಸ್ಟೀಲ್ ತಾಟು ಸಿಕ್ಕಿತು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಒಂದು ಹೆಣ್ಣಿನ ಹೆಸರು, ಮದುವೆಗೆ ಹಾಕಿಸಿದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಕರಿದ ಎಣ್ಣೆಯ ವಾಸನೆ ಹೋದಂತೆ ಅನಿಸಲಿಲ್ಲ...

ತಾಟು ಎದುರುಮನೆಯ ಅಮ್ಮನದು, ಹೆಸರು ಅವರ ಮಗಳದು. ನಾನು ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯಲು ಕಲಿಸಿದವರು ಅವರು. ಅವರ ಒಬ್ಬಳೇ ಮಗಳನ್ನು ಅವಳ ಗಂಡ ಸೀಮೆಎಣ್ಣೆ ಸುರಿದು ಸುಟ್ಟಿದ್ದ. ಜೀವಾವಧಿ ಶಿಕ್ಷೆಯಾಯಿತು. ಜೈಲಿನ ಅಡುಗೆಮನೆಯಲ್ಲಿ ಕೆಲಸ ಕಲಿತ. ಸನ್ನಡತೆ ಎಂದು ಅವಧಿಗೆ ಮೊದಲೇ ಬಿಟ್ಟರು. ಅವನೂ ಇದೇ ಊರಿನವನು. ಬಂದವನೇ ನಮ್ಮ ಓಣಿಯ ತಿರುವಿನಲ್ಲಿ ಮಂಡಕ್ಕಿ-ಮಿರ್ಚಿಯ ತಳ್ಳುಬಂಡಿ ಇಟ್ಟ.

ನಾನು ಕಾನ್ವೆಂಟಿನಲ್ಲಿದ್ದಾಗ ಸಿಸ್ಟರು ಒಮ್ಮೆ ಕ್ರಿಸ್‌ಮಸ್ಸಿಗೆ ನಮ್ಮನ್ನು ಜೈಲಿಗೆ ಕರೆದೊಯ್ದು ಹಾಡಿಸಿದ್ದರು. ಅಲ್ಲೊಂದು ಗೋಡೆಗೆ ಹಳೆಯ ಕಾಲುಬೇಡಿಗಳನ್ನು ತೂಗುಹಾಕಿದ್ದರು. ಈಗ ಯಾರಿಗೂ ತೊಡಿಸುವುದಿಲ್ಲ ಎಂದು ಕೇಳಿ ಸಮಾಧಾನವಾಗಿತ್ತು. ಅಮ್ಮನನ್ನು ನೋಡಿದಾಗಲೆಲ್ಲ ಆ ಬೇಡಿಗಳು ನೆನಪಾಗುತ್ತಿದ್ದವು, ಗೋಡೆಯಲ್ಲಿ ಅಲ್ಲ, ಅವನ ಕಾಲಲ್ಲಿ...

ಅಮ್ಮ ಬೈಯಲಿಲ್ಲ, ಅಳಲಿಲ್ಲ. ಒಂದು ಸಂಜೆ ಈ ತಾಟು ಹಿಡಿದು ಹೋಗಿ ಎಲ್ಲರಂತೆ ಮಿರ್ಚಿ ಹಾಕಿಸಿಕೊಂಡರು. ಬಂಡಿಯ ಮುಂದೆ ನೆಲಕ್ಕೆ ನೀರು ಚಿಮುಕಿಸಿ, ತಾಟು ಇಟ್ಟು, ಊದಿನಕಡ್ಡಿ ಹಚ್ಚಿ ಕೈಮುಗಿದರು. ಸತ್ತ ಮಗಳಿಗೆ ಎಡೆ. ಸತ್ತವರ ಎಡೆ ಎದುರಿಗಿರುವಾಗ ಬಾಯಿಗೆ ತುತ್ತು ಹಾಕುವವರು ನಮ್ಮ ಕಡೆ ಯಾರಿದ್ದಾರೆ? ಬೆಂಚಿನ ಮೇಲಿದ್ದವರು ಪೊಟ್ಟಣ ಬಿಟ್ಟು ಎದ್ದರು. ಮರುದಿನವೂ ಎಡೆ. ಅದರ ಮರುದಿನವೂ.

ಓಣಿಯ ಹಿರಿಯರೊಬ್ಬರು ತಡೆದರು. "ಯವ್ವಾ, ಕೈದಿಗಳ ಕೈಲಿ ಕಲ್ಲು ಒಡಸೋ ಕಾಲ ಹೋತು. ಈಗ ತಿದ್ದಿ ಕಳಸ್ತಾರ. ಮುಂದ ಜೈಲಿಗೆ ಗ್ವಾಡಿನೂ ಇರಂಗಿಲ್ಲಂತ. ಅವನೂ ಬದುಕಬೇಕಲ್ಲ?"

"ಬದುಕ್ಲಿ, ನಾ ಏನು ಅವನ ಕೈ ಹಿಡದೀನೇನ್ರಿ? ಸರ್ಕಾರ ಅವಗ ಅಡಿಗಿ ಕಲಿಸ್ತು. ಇಷ್ಟು ವರ್ಷ ನನಗೇನು ಕಲಿಸ್ತು? ಚಲೋ ಮಾಡ್ತಾನಂತ, ನನ್ನ ಮಗಳೂ ರುಚಿ ನೋಡ್ಲಿ."

ತಾಟಿನ ಮೇಲಿನ ಹೆಸರು ಕಣ್ಣಿಗೆ ಬೀಳದಂತೆ ಮಿರ್ಚಿ ಹಾಕಲು ಅವನು ಪಡುತ್ತಿದ್ದ ಪಾಡನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಿಸ್ಟರಿಗೆ ತಿಳಿದಿದ್ದರೆ ನೊಂದುಕೊಳ್ಳುತ್ತಿದ್ದರು. ನನಗಂತೂ ಹೋಳಿಗೆ ಉಂಡಷ್ಟು ತೃಪ್ತಿ. ಗಿರಾಕಿಗಳಿಲ್ಲದೆ ಎಣ್ಣೆ ಕಾದು ಕಾದು ಕಪ್ಪಾಯಿತು. ಕಡೆಗೆ ಅವನು ಬಂಡಿ ಎತ್ತಿಕೊಂಡು ಹರಪನಹಳ್ಳಿ ಕಡೆ ಹೋದ.

ಕಾಯಿಲೆ ಬಿದ್ದಾಗ ಅಮ್ಮ ಈ ತಾಟನ್ನು ನನ್ನ ಕೈಗಿಟ್ಟರು. "ಇರ್ಲಿ, ಇಟ್ಕೋ ತಂಗಿ" ಎಂದರು, ಅಷ್ಟೇ. ಈಗ ಎದುರುಮನೆಯಲ್ಲಿ ಬಾಡಿಗೆಯವರಿದ್ದಾರೆ. ರೊಟ್ಟಿ ಹರಿದಾಗ ಇವತ್ತಿಗೂ ಆ ಕಡೆ ತಿರುಗಿ ಕರೆಯಲು ಬಾಯಿ ತೆರೆಯುತ್ತೇನೆ...

ಸಂಜೆ ತಾಟನ್ನು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಪಕ್ಕದ ಮನೆಯಾಕೆ ಎಣ್ಣೆ ಇಳಿದ ಪೊಟ್ಟಣ ಹಿಡಿದು ಬಂದಳು.

"ಅಕ್ಕಾ, ಆ ಹಳೇ ಮಿರ್ಚಿಯವ ತಿರುಗಿ ಬಂದಾನ ನೋಡ್ರಿ, ಅದೇ ತಿರುವಿನಾಗ ಬಂಡಿ ಇಟ್ಟಾನ. ಮುದುಕಿ ಇಲ್ಲಲ್ಲ, ಇನ್ನೇನು ಅಂಜಿಕಿ ಅವಗ. ಬಿಸಿ ಅದಾವ, ತಾಟು ತರ್ರಿ."